ಹತ್ತು ಪುಟದ ಮೊಕದ್ದಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪತ್ರಿಕೆಯ ಬಾಯಿ ಕಟ್ಟೋದು ಹೇಗೆ ಅಂತ ಕೇಳಿದರೆ ನಮಗೆ ಮೊದಲು ನೆನಪಾಗುವವನು ಸೆನ್ಸಾರ್ ಅಧಿಕಾರಿ, ಅಲ್ವಾ? ಆದರೆ ಒಂದು ಅಕ್ಷರವನ್ನೂ ಹೊಡೆದುಹಾಕದೆ ಆ ಕೆಲಸ ಮಾಡಬಹುದು. ಕಾಗದಕ್ಕೆ ಲಗಾಮು ಹಾಕಿದರೆ ಸಾಕು. ಇದನ್ನು ಲೆಕ್ಕ ಹಾಕಿ ಕೋರ್ಟಿಗೆ ತೋರಿಸಿದವರು ನಾನಿ ಪಾಲ್ಖಿವಾಲಾ. ಅವರು ತೆರಿಗೆ ಮತ್ತು ಕಂಪನಿ ವ್ಯಾಜ್ಯಗಳಲ್ಲಿ ಪಳಗಿದ ವಕೀಲರು.

1920ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು. ಇಂಗ್ಲಿಷ್ ಎಂ.ಎ. ಮಾಡಿ ಕಾಲೇಜು ಮೇಷ್ಟ್ರಾಗಬೇಕು ಅಂತ ಹೊರಟರು, ಕೆಲಸ ಸಿಗಲಿಲ್ಲ. ಆಮೇಲೆ ಕಾನೂನು ಓದಿ ಸರ್ ಜಮ್‌ಶೆಡ್‌ಜಿ ಕಾಂಗಾ ಎಂಬ ಹಿರಿಯ ವಕೀಲರ ಹತ್ತಿರ ಸೇರಿದರು. ಅಲ್ಲಿಂದ ಬಹಳ ಬೇಗ ಮೇಲೆ ಬಂದರು.

1969ರಲ್ಲಿ ಸರ್ಕಾರ 14 ಬ್ಯಾಂಕುಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಅದನ್ನು ಪ್ರಶ್ನಿಸೋದಕ್ಕೆ ಒಂದು ತೊಡಕಿತ್ತು. ಮಾತು, ವ್ಯಾಪಾರದಂಥ ಸ್ವಾತಂತ್ರ್ಯಗಳನ್ನು ಕೊಡುವ ಸಂವಿಧಾನದ 19ನೇ ವಿಧಿಯ ಹಕ್ಕುಗಳು ನಾಗರಿಕರಿಗೆ ಮಾತ್ರ. ಕಂಪನಿ ನಾಗರಿಕ ಅಲ್ಲ. ಹಾಗಾಗಿ ಆರ್.ಸಿ. ಕೂಪರ್ ಎಂಬ ಷೇರುದಾರರು ತಮ್ಮ ಹೆಸರಲ್ಲೇ ಅರ್ಜಿ ಹಾಕಿದರು. ಕೂಪರ್ ಪರ ಪಾಲ್ಖಿವಾಲಾ ವಾದಿಸಿದರು. ಕಂಪನಿಗೆ ಬಿದ್ದ ಏಟು ಷೇರುದಾರನ ಹಕ್ಕಿಗೂ ತಾಗಿದರೆ ಅವನು ಕೋರ್ಟಿಗೆ ಬರಬಹುದು ಎಂದು ಸುಪ್ರೀಂ ಕೋರ್ಟ್ 1970ರಲ್ಲಿ ಒಪ್ಪಿತು. 11 ನ್ಯಾಯಮೂರ್ತಿಗಳಲ್ಲಿ ಎ.ಎನ್. ರೇ ಒಬ್ಬರದ್ದೇ ಭಿನ್ನ ತೀರ್ಪು. ಈ ಹೆಸರು ನೆನಪಿಟ್ಟುಕೊಳ್ಳಿ.

ಎರಡು ವರ್ಷ ಆಯಿತು. 1972-73ರ ನ್ಯೂಸ್‌ಪ್ರಿಂಟ್ ನೀತಿ ಬಂತು. ನ್ಯೂಸ್‌ಪ್ರಿಂಟ್ ಅಂದರೆ ಪತ್ರಿಕೆ ಅಚ್ಚಾಗುವ, ಹೊರದೇಶದಿಂದ ತರಿಸುತ್ತಿದ್ದ ಕಾಗದ. ದಿನಪತ್ರಿಕೆ 10 ಪುಟ ದಾಟಬಾರದು. ಪ್ರತಿಗಳನ್ನು ಕಡಿಮೆ ಮಾಡಿ ಪುಟ ಹೆಚ್ಚಿಸುತ್ತೇವೆ ಅಂದರೂ ಆಗದು. ಒಬ್ಬರೇ ಮಾಲೀಕರ ಪತ್ರಿಕೆಗಳು ತಮ್ಮತಮ್ಮಲ್ಲಿ ಕಾಗದ ಹಂಚಿಕೊಳ್ಳುವಂತಿಲ್ಲ. ಸರ್ಕಾರ ತಮಗೆ ಕೊಟ್ಟ ಕಾಗದದ ಕೋಟಾದಲ್ಲೇ ಹೊಸ ಪತ್ರಿಕೆ ಶುರು ಮಾಡುವಂತೆಯೂ ಇಲ್ಲ. ವಿದೇಶಿ ವಿನಿಮಯ ಕಡಿಮೆ ಇದೆ, ಸಣ್ಣ ಪತ್ರಿಕೆಗಳೂ ಬದುಕಬೇಕು ಎಂದು ಸರ್ಕಾರ ಹೇಳಿತು. ಕೇಳೋದಕ್ಕೆ ನ್ಯಾಯ ಅನ್ನಿಸುವ ಮಾತು.

ಟೈಮ್ಸ್ ಆಫ್ ಇಂಡಿಯಾ ಹೊರತರುವ ಬೆನೆಟ್ ಕೋಲ್ಮನ್ ಸೇರಿದಂತೆ ಹಲವು ಪತ್ರಿಕಾ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಷೇರುದಾರರು, ಸಂಪಾದಕರೂ ಅರ್ಜಿದಾರರಾದರು. ಕೂಪರ್ ಮೊಕದ್ದಮೆ ತೆರೆದ ಬಾಗಿಲು ಇಲ್ಲಿ ಕೆಲಸಕ್ಕೆ ಬಂತು. ಅರ್ಜಿದಾರರ ಪರ ಪಾಲ್ಖಿವಾಲಾ ವಾದಿಸಿದರು. ಈಗ ಲೆಕ್ಕ ನೋಡಿ. ಪುಟ ಕಡಿಮೆಯಾದರೆ ಒಂದೋ ಸುದ್ದಿ ಬಿಡಬೇಕು, ಇಲ್ಲ ಜಾಹೀರಾತು ಬಿಡಬೇಕು. ಜಾಹೀರಾತು ಬಿಟ್ಟರೆ ಆದಾಯ ಇಳಿಯುತ್ತದೆ. ಆಗ ಬೆಲೆ ಏರಿಸಬೇಕು. ಬೆಲೆ ಏರಿದರೆ ಓದುಗ ಪತ್ರಿಕೆ ಕೊಳ್ಳೋದನ್ನೇ ಬಿಡುತ್ತಾನೆ. ಎಲ್ಲಾ ದಾರಿಯೂ ಕೊನೆಗೆ ಓದುಗನ ಕೈ ಖಾಲಿ ಮಾಡುವ ಕಡೆಗೇ ಹೋಗುತ್ತದೆ. ಬ್ಯಾಲೆನ್ಸ್ ಶೀಟ್ ಓದಲು ಬರುವವರಿಗೆ ಇದು ಥಟ್ಟನೆ ಕಾಣುತ್ತದೆ. ಪಾಲ್ಖಿವಾಲಾ ಅವರ ಹಳೇ ಕಸುಬು ಇಲ್ಲಿ ಅವರ ಕೈ ಹಿಡಿಯಿತು ಅಂತ ನಾನು ನಂಬಿದ್ದೇನೆ.

1972ರ ಅಕ್ಟೋಬರ್ 30ರಂದು ತೀರ್ಪು ಬಂತು. ನಾಲ್ವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆ ನಿರ್ಬಂಧಗಳು ಬಿದ್ದುಹೋದವು. ಬಹುಮತದ ತೀರ್ಪು ಬರೆದವರು ಯಾರು ಗೊತ್ತಾ? ಅದೇ ಎ.ಎನ್. ರೇ. ತಾವು ಒಪ್ಪದಿದ್ದ ಕೂಪರ್ ತೀರ್ಪನ್ನೇ ಆಧಾರ ಮಾಡಿಕೊಂಡು ಬರೆದರು. ಏನು ಬರೆಯುತ್ತೀರಿ ಅನ್ನೋದರಲ್ಲಿ ಹೇಗೋ, ಎಷ್ಟು ಜನಕ್ಕೆ ತಲುಪಿಸುತ್ತೀರಿ ಅನ್ನೋದರಲ್ಲೂ ಪತ್ರಿಕಾ ಸ್ವಾತಂತ್ರ್ಯ ಇದೆ ಎಂದರು. ಒಪ್ಪದವರು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ. ದೊಡ್ಡ ಪತ್ರಿಕೆಗಳೇ ಕಾಗದವನ್ನೆಲ್ಲ ತೆಗೆದುಕೊಂಡರೆ ಉಳಿದವರ ದನಿ ಜನಕ್ಕೆ ಕೇಳುವುದು ಹೇಗೆ ಅನ್ನೋದು ಅವರ ಚಿಂತೆ. ನಾನು ಬಹುಮತದ ಕಡೆಯವನು. ಆದರೂ ಆ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

1975ರ ಜೂನ್ 23ರಂದು ಪಾಲ್ಖಿವಾಲಾ ಸುಪ್ರೀಂ ಕೋರ್ಟಿನಲ್ಲಿ ಚುನಾವಣಾ ಮೊಕದ್ದಮೆಯೊಂದರಲ್ಲಿ ಇಂದಿರಾ ಗಾಂಧಿಯವರ ಪರ ನಿಂತಿದ್ದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಯಲ್ಲಿ ಕರೆಂಟ್ ತೆಗೆದರು, ಮುದ್ರಣ ಯಂತ್ರಗಳು ನಿಂತವು. ಈ ಸಲ ಕಾಗದದ ಗೊಡವೆಯೂ ಬೇಕಾಗಲಿಲ್ಲ. ಪಾಲ್ಖಿವಾಲಾ ಆ ವಕಾಲತ್ತನ್ನು ವಾಪಸ್ ಕೊಟ್ಟರು.

ಕಾಗದದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1981ರಲ್ಲಿ ನ್ಯೂಸ್‌ಪ್ರಿಂಟ್ ಮೇಲೆ ಆಮದು ಸುಂಕ ಬಿತ್ತು. ಅದನ್ನು ಮತ್ತೆ ಪರಿಶೀಲಿಸಿ ಅಂತ 1984ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಹೇಳಿತು. ಆ ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ. ಪತ್ರಿಕೆಗೆ ತೆರಿಗೆ ಹಾಕಬಾರದು ಅಂತ ಅವರು ಹೇಳಲಿಲ್ಲ. ಆ ಹೊರೆ ಓದುಗನ ಕೈಯಿಂದ ಪತ್ರಿಕೆಯನ್ನು ಕಿತ್ತುಕೊಳ್ಳುತ್ತದೆಯೇ ನೋಡಿ ಅಂದರು.

ನಮಸ್ಕಾರ.