ಲೀ ಮಾನ್-ಹೀ: ಯುದ್ಧ, ಅಪರಾಧ, ಭಯದ ಕಥೆಗಳಲ್ಲಿ ಮನುಷ್ಯರನ್ನು ಹುಡುಕಿದ ನಿರ್ದೇಶಕ

[ದೃಶ್ಯ: 1960ರ ದಶಕದ ಸಿಯೋಲ್‌ನ ಕಪ್ಪು-ಬಿಳುಪು ಚಿತ್ರಗಳು]

1931ರಲ್ಲಿ ಸಿಯೋಲ್‌ನಲ್ಲಿ ಹುಟ್ಟಿದ ಲೀ ಮಾನ್-ಹೀ ತಮ್ಮ ಮೊದಲ ಚಿತ್ರವನ್ನು ನಿರ್ದೇಶಿಸಿದ್ದು 1961ರಲ್ಲಿ. 1975ರಲ್ಲಿ, 43ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸುಮಾರು 50 ಚಿತ್ರಗಳನ್ನು ಮಾಡಿದ್ದರು. ದಕ್ಷಿಣ ಕೊರಿಯಾದ ಸೇನಾ ನಾಯಕ ಪಾರ್ಕ್ ಚುಂಗ್-ಹೀ ಆಡಳಿತದ ಚಲನಚಿತ್ರ ಕಾಯ್ದೆಯು ನಿರ್ಮಾಣ ಸಂಸ್ಥೆಗಳು ಪ್ರತಿವರ್ಷ ಇಂತಿಷ್ಟು ಚಿತ್ರಗಳನ್ನು ತಯಾರಿಸಲೇಬೇಕೆಂದು ವಿಧಿಸಿದ್ದರಿಂದ, ಬೇಗನೆ ಮುಗಿಯುವ, ಜನರು ಖಂಡಿತವಾಗಿ ನೋಡುವ ಕಥೆಗಳಿಗೆ ಆಗ ಅಪಾರ ಬೇಡಿಕೆಯಿತ್ತು.

ಸ್ವತಃ ಕೊರಿಯಾ ಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ ಹೆಸರು ತಂದದ್ದು 1963ರ ಯುದ್ಧಚಿತ್ರ 'ದ ಮರೀನ್ಸ್ ಹೂ ನೆವರ್ ರಿಟರ್ನ್ಡ್'. ಅನಾಥ ಬಾಲಕಿಯೊಬ್ಬಳನ್ನು ಸಾಕಿಕೊಂಡ ತುಕಡಿಯೊಂದರ ಈ ಕಥೆಯಲ್ಲಿ ವಿಜಯಕ್ಕಿಂತ ಸಾವುಗಳೇ ನೆನಪಿನಲ್ಲಿ ಉಳಿಯುತ್ತವೆ. ಮರುವರ್ಷವೇ ಅವರು ಭೂಗತ ಲೋಕದ 'ಬ್ಲ್ಯಾಕ್ ಹೇರ್' ಚಿತ್ರವನ್ನೂ, ಆಸ್ಪತ್ರೆಯೊಂದರ ಮೆಟ್ಟಿಲುಗಳ ಸುತ್ತ ಭಯವನ್ನು ಹೆಣೆದ 'ದ ಡೆವಿಲ್ಸ್ ಸ್ಟೇರ್‌ವೇ' ಚಿತ್ರವನ್ನೂ ಮಾಡಿದರು. ಎರಡರಲ್ಲೂ ಮುಖ್ಯ ಪಾತ್ರ ವಹಿಸಿದವರು ನಟಿ ಮೂನ್ ಜಂಗ್-ಸುಕ್. ಗಂಡಸರ ನಿಯಮಗಳಿಗೆ ಬಲಿಯಾದ ಹೆಣ್ಣಿನ ಮುಖದ ಮೇಲೆಯೇ ಕ್ಯಾಮೆರಾವನ್ನು ನಿಲ್ಲಿಸುವ ಧೈರ್ಯ ಈ ನಿರ್ದೇಶಕರಿಗಿತ್ತು.

[ದೃಶ್ಯ: ಸೆನ್ಸಾರ್ ಮುದ್ರೆಯಿರುವ ಕಾಗದಗಳು]

ಶತ್ರುವನ್ನೂ ಮನುಷ್ಯನನ್ನಾಗಿ ಕಾಣುವ ಈ ದೃಷ್ಟಿಗೆ ಅವರು ಬೆಲೆ ತೆರಬೇಕಾಯಿತು. 'ಸೆವೆನ್ ಫೀಮೇಲ್ ಪಿಒಡಬ್ಲ್ಯೂಸ್' (ಏಳು ಮಹಿಳಾ ಯುದ್ಧಕೈದಿಗಳು) ಚಿತ್ರದಲ್ಲಿ ಉತ್ತರ ಕೊರಿಯಾದ ಸೈನಿಕರನ್ನು ಸಹಾನುಭೂತಿಯಿಂದ ತೋರಿಸಲಾಗಿದೆ ಎಂಬ ಆರೋಪದ ಮೇಲೆ 1965ರಲ್ಲಿ ಕಮ್ಯುನಿಸ್ಟ್ ವಿರೋಧಿ ಕಾನೂನಿನಡಿ ಅವರನ್ನು ಬಂಧಿಸಲಾಯಿತು. ಚಿತ್ರವು ಕತ್ತರಿಪ್ರಯೋಗಕ್ಕೆ ಒಳಗಾಗಿ ಬೇರೆ ಹೆಸರಿನಲ್ಲಿ ತೆರೆಕಂಡಿತು. ಅಷ್ಟಾದರೂ ಅವರು ಬಾಗಲಿಲ್ಲ. 1968ರ 'ಎ ಡೇ ಆಫ್' ಚಿತ್ರದಲ್ಲಿ ಕೈಯಲ್ಲಿ ಕಾಸಿಲ್ಲದ ಯುವಕನೊಬ್ಬ ಪ್ರೇಯಸಿಯ ಗರ್ಭಪಾತಕ್ಕೆ ಹಣ ಹೊಂದಿಸಲು ಚಳಿಗಾಲದ ಭಾನುವಾರವಿಡೀ ಸಿಯೋಲ್ ಅಲೆಯುತ್ತಾನೆ. ನಾಯಕ ಕೊನೆಗೆ ಸೇನೆ ಸೇರುವಂತೆ ಅಂತ್ಯವನ್ನು ಬದಲಿಸಬೇಕೆಂಬ ಸೆನ್ಸಾರ್ ಅಧಿಕಾರಿಗಳ ಸೂಚನೆಯನ್ನು ಚಿತ್ರತಂಡ ಒಪ್ಪಲಿಲ್ಲ, ಚಿತ್ರ ಬಿಡುಗಡೆಯಾಗಲಿಲ್ಲ. ಅದು ಪ್ರೇಕ್ಷಕರನ್ನು ತಲುಪಿದ್ದು 2005ರಲ್ಲಿ, ನಿರ್ದೇಶಕರು ಗತಿಸಿ 30 ವರ್ಷಗಳಾದ ಮೇಲೆ. ನನ್ನ ದೃಷ್ಟಿಯಲ್ಲಿ ಅವರ ಶ್ರೇಷ್ಠ ಚಿತ್ರ ಇದೇ, ಏಕೆಂದರೆ ಇಲ್ಲಿ ಬಡತನವನ್ನು ಸಂಭಾಷಣೆ ವಿವರಿಸುವುದಿಲ್ಲ. ಖಾಲಿ ಬೀದಿಗಳೂ ಗಾಳಿಗೆ ಏಳುವ ಧೂಳೂ ಅದನ್ನು ಹೇಳುತ್ತವೆ.

ಆದರೆ ಅವರ ಎಲ್ಲ ಕೃತಿಗಳಿಗೂ ಆ ಭಾಗ್ಯ ದೊರೆಯಲಿಲ್ಲ. ಸೆರೆಮನೆಯಿಂದ ಅಲ್ಪಾವಧಿಯ ರಜೆಯ ಮೇಲೆ ಹೊರಬಂದ ಮಹಿಳೆಯ ಪ್ರೇಮಕಥೆಯಾದ 'ಲೇಟ್ ಆಟಮ್' ಚಿತ್ರವನ್ನು 1966ರಲ್ಲಿ ವಿಮರ್ಶಕರು ಬಹುವಾಗಿ ಮೆಚ್ಚಿದ್ದರು. ಅದರ ಪ್ರತಿ ಇಂದು ಲಭ್ಯವಿಲ್ಲ. 1975ರಲ್ಲಿ ಕಿಮ್ ಕಿ-ಯಂಗ್, 1982ರಲ್ಲಿ ಕಿಮ್ ಸೂ-ಯೋಂಗ್, 2010ರಲ್ಲಿ ಕಿಮ್ ಟೇ-ಯೋಂಗ್ ಅದೇ ಕಥೆಯನ್ನು ಮತ್ತೆ ಚಿತ್ರವಾಗಿಸಿದ್ದರಿಂದ, ಈಗಿನ ಪ್ರೇಕ್ಷಕರು ಮೂಲವನ್ನು ಈ ಮರುನಿರ್ಮಾಣಗಳ ಮೂಲಕವೇ ಊಹಿಸಿಕೊಳ್ಳಬೇಕಾಗಿದೆ.