ತಂತಿಗೆ ತೂಕ ಕಟ್ಟಿ ನೋಡಿದವರು

ಕೇಳುಗರಿಗೆಲ್ಲ ನಮಸ್ಕಾರ. ಸಂಗೀತದ ಇತಿಹಾಸ ಅಂದ್ರೆ ಯಾರು ಯಾವಾಗ ಹುಟ್ಟಿದ್ರು, ಎಷ್ಟು ಕೃತಿ ರಚಿಸಿದ್ರು ಅಂತ ಪಟ್ಟಿ ಒಪ್ಪಿಸೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ನಮ್ಮ ಸ್ಟೂಡೆಂಟ್ಸೂ ಸೇರಿ. ಅಲ್ಲ ಸ್ವಾಮಿ. ಸಂಗೀತದ ಇತಿಹಾಸ ವಿಜ್ಞಾನದ ಇತಿಹಾಸವೂ ಹೌದು. ಇವತ್ತು ನಾನು ಹೇಳೋದು ಇದೊಂದೇ.

ಇದನ್ನ ದಾಖಲೆ ಹಿಡಿದು ತೋರಿಸಿದವರು ಸಂಗೀತದ ಇತಿಹಾಸಕಾರ ಕ್ಲಾಡ್ ಪಲಿಸ್ಕಾ. 1921ರಲ್ಲಿ ಫಿಯೂಮೆಯಲ್ಲಿ ಹುಟ್ಟಿದ್ರು, ಈಗ ಅದು ಕ್ರೊಯೇಷಿಯಾದ ರಿಯೇಕಾ. ಅಮೆರಿಕಕ್ಕೆ ಬಂದು, ಹಾರ್ವರ್ಡಲ್ಲಿ ಪಿಎಚ್‌ಡಿ ಮಾಡಿ, 1959ರಿಂದ ಯೇಲ್ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದ್ರು. ಅವರು ಬೆನ್ನು ಹತ್ತಿದ್ದು ಹದಿನಾರನೇ ಶತಮಾನದ ಇಟಲಿಯ ಫ್ಲಾರೆನ್ಸಿನ ಒಬ್ಬ ಲ್ಯೂಟ್ (ಮೀಟಿ ನುಡಿಸೋ ತಂತಿವಾದ್ಯ) ವಾದಕನನ್ನ, ಹೆಸರು ವಿನ್ಚೆಂಜೊ ಗೆಲಿಲಿ. ಹೌದು, ನಮ್ಮ ಟೆಲಿಸ್ಕೋಪಿನ ಗೆಲಿಲಿಯೊನ ಅಪ್ಪ.

ಆಗ ಎಲ್ಲರೂ ನಂಬಿದ್ದ ಕಥೆ ಒಂದಿತ್ತು. ಪೈಥಾಗರಸ್ ಕುಲುಮೆ ಮುಂದೆ ಹೋಗ್ತಿದ್ದನಂತೆ, ಸುತ್ತಿಗೆ ಏಟು ಇಂಪಾಗಿ ಕೇಳಿಸ್ತಂತೆ, ತೂಗಿ ನೋಡಿದ್ರೆ 12, 9, 8, 6ರ ಲೆಕ್ಕದಲ್ಲಿತ್ತಂತೆ, ಅದೇ ತೂಕಗಳನ್ನ ತಂತಿಗೆ ಕಟ್ಟಿದ್ರೂ ಅವೇ ಸ್ವರ ಬಂತಂತೆ, 6ಕ್ಕೆ ಷಡ್ಜ, ಅಂದ್ರೆ ‘ಸ’, ಆದ್ರೆ 12ಕ್ಕೆ ತಾರ ಷಡ್ಜ, ಅಂದ್ರೆ ಮೇಲಿನ ‘ಸ’. ಎಲ್ಲಾ ಅಂತೆ ಅಂತೆ! ಸಾವಿರ ವರ್ಷಕ್ಕೂ ಮೇಲೆ ಪಂಡಿತರು ಇದನ್ನ ಪುಸ್ತಕದಿಂದ ಪುಸ್ತಕಕ್ಕೆ ಇಳಿಸಿದ್ದೇ ಇಳಿಸಿದ್ದು. ವಿನ್ಚೆಂಜೊ ಕಟ್ಟಿ ನೋಡ್ದ. ಎರಡರಷ್ಟು ತೂಕಕ್ಕೆ ತಾರ ಷಡ್ಜ ಬರೋದೇ ಇಲ್ಲ, ನೀವೇ ಮಾಡಿ ನೋಡಿ ಬೇಕಾದ್ರೆ, ಎರಡು ‘ಸ’ಗಳ ನಟ್ಟ ನಡುವೆ, ಪ್ರತಿ ಮಧ್ಯಮದ ಹತ್ರ ಎಲ್ಲೋ ನಿಂತ್ಬಿಡುತ್ತೆ. ನಾಲ್ಕರಷ್ಟು ಹಾಕ್ಬೇಕು! ತಂತಿಯ ಉದ್ದವಾದ್ರೆ ಅರ್ಧ ಮಾಡಿದ್ರೆ ಸಾಕು, ಆದ್ರೆ ಬಿಗಿತದ ಲೆಕ್ಕ ಬೇರೆ. ಇದನ್ನ 1589ರಲ್ಲಿ ಅಚ್ಚು ಹಾಕಿಸಿದ, ಅದೂ ತನಗೆ ಪಾಠ ಹೇಳಿದ ಗುರು, ಸಂಗೀತ ಶಾಸ್ತ್ರಜ್ಞ ತ್ಸಾರ್ಲಿನೊಗೇ ಎದುರಾಗಿ. ಆಗ ಮಗ ಗೆಲಿಲಿಯೊಗೆ 25ರ ಪ್ರಾಯ. ಮನೇಲಿ ಅಪ್ಪ ಹೀಗೆ ತೂಕ ಕಟ್ಕೊಂಡು ಕೂತಿದ್ರೆ ಮಗ ನೋಡದೇ ಇರ್ತಾನಾ? ಶಾಸ್ತ್ರ ಏನನ್ನುತ್ತೆ ಅಂತ ಬಿಟ್ಟು ಕಿವಿ ಏನನ್ನುತ್ತೆ ಅಂತ ಕೇಳೋ ಈ ಬುದ್ಧಿಗೂ ಹೊಸ ವಿಜ್ಞಾನಕ್ಕೂ ನಂಟಿದೆ ಅಂತ ಪಲಿಸ್ಕಾ 1961ರಲ್ಲಿ ಬರೆದ್ರು.

ಅಯ್ಯೋ, ಟೈಮ್ ಇದಕ್ಕೇ ಹೋಯ್ತು. ಸಂಸ್ಕೃತಿ ಬಗ್ಗೆ ಹೇಳ್ಬೇಕಿತ್ತು, ಈ ವಿನ್ಚೆಂಜೊ ಇದ್ದ ಗೆಳೆಯರ ಬಳಗದ ಗ್ರೀಕ್ ನಾಟಕದ ಚರ್ಚೆಗಳಿಂದಾನೇ ಮುಂದೆ 1600ರ ಹೊತ್ತಿಗೆ ಆಪೆರಾಗೆ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕಕ್ಕೆ, ದಾರಿ ಆಯ್ತು. ನಮ್ಮ ದೇಶದಲ್ಲೂ ಅಷ್ಟೇ, ಸಿ. ವಿ. ರಾಮನ್ 1920ರಲ್ಲೇ ಮೃದಂಗದ ಕರಣೆಯಿಂದ, ಅಂದ್ರೆ ಚರ್ಮದ ಮೇಲಿನ ಕಪ್ಪು ಲೇಪದಿಂದ, ನಾದ ಹೇಗೆ ಶ್ರುತಿಗೆ ಕೂರುತ್ತೆ ಅಂತ ನೇಚರ್ ಪತ್ರಿಕೆಗೆ ಬರೆದಿದ್ರು, ನಾವು ಅದನ್ನ ಫಿಸಿಕ್ಸ್‌ನವ್ರ ಪಾಲಿಗೆ ಬಿಟ್ಟು ಪಟ್ಟಿ ಒಪ್ಪಿಸ್ತಾ ಕೂತಿದ್ದೀವಿ. ನಮಸ್ಕಾರ.