ಮಿಕ್ಸಿಯ ತಳದ ಸ್ಕ್ರೂಗಳು

ನಮಸ್ಕಾರ. ಬಿಚ್ಚಿ ದುರಸ್ತಿ ಮಾಡಬಲ್ಲ ವಿನ್ಯಾಸದಿಂದ ಉಪಕರಣಗಳ ಪ್ಲಾಸ್ಟಿಕ್ ಕಸ ಹೇಗೆ ತಗ್ಗುತ್ತದೆ ಎಂಬುದೇ ಇಂದಿನ ಮಾತು. ಮೇಜಿನ ಮೇಲೆ ಕವುಚಿ ಇಟ್ಟಿರುವ ಈ ಮಿಕ್ಸಿಯ ತಳವನ್ನು ನೋಡಿ. ರಬ್ಬರ್ ಪಾದಗಳ ಪಕ್ಕದಲ್ಲೇ ಸ್ಕ್ರೂಗಳಿವೆ. ಸಾಧಾರಣ ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ತಳದ ಮುಚ್ಚಳ ಕೈಗೆ ಬರುತ್ತದೆ. ಅದರ ಪಕ್ಕದಲ್ಲಿರುವ ಮೊಬೈಲ್ ಚಾರ್ಜರಿನಲ್ಲಿ ಒಂದು ಸ್ಕ್ರೂ ಕೂಡ ಇಲ್ಲ. ಅದರ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಅಲ್ಟ್ರಾಸಾನಿಕ್ ಕಂಪನದಿಂದ ಅಂಚು ಕರಗಿಸಿ ಬೆಸೆದಿರುವುದರಿಂದ ಒಡೆಯದೆ ತೆರೆಯಲಾಗದು. ಚಾರ್ಜರಿನ ಮಟ್ಟಿಗೆ ಸುರಕ್ಷತೆಯ ಕಾರಣವಿದೆ, ಒಪ್ಪೋಣ. ಆದರೆ ಹೀಗೆಯೇ ತೆರೆಯಲಾಗದಂತೆ ಮುಚ್ಚಿದ ಟ್ರಿಮ್ಮರ್, ವಿದ್ಯುತ್ ಟೂತ್‌ಬ್ರಷ್‌ಗಳಲ್ಲಿ ಬ್ಯಾಟರಿಯೊಂದು ಸೋತ ಮಾತ್ರಕ್ಕೆ ಗಟ್ಟಿಮುಟ್ಟಾದ ಇಡೀ ಪ್ಲಾಸ್ಟಿಕ್ ಕವಚ ಕಸವಾಗುವುದಕ್ಕೆ ಅಂಥ ಸಮರ್ಥನೆ ನನಗೆ ಕಾಣುವುದಿಲ್ಲ.

ಮಿಕ್ಸಿಗೆ ಹಿಂದಿರುಗೋಣ. ಜಾರ್ ಕೂರುವಲ್ಲಿ ಕಾಣುವ, ಮೋಟಾರಿನ ತಿರುಗುವಿಕೆಯನ್ನು ಜಾರಿನ ಬ್ಲೇಡಿಗೆ ದಾಟಿಸುವ ಈ ಹಲ್ಲುಗಳ ಬಿಲ್ಲೆಯೇ ಕಪ್ಲರ್. ಹಿಟ್ಟು ಗಟ್ಟಿಯಾಗಿ ಬ್ಲೇಡ್ ಸಿಕ್ಕಿಕೊಂಡಾಗ ಪೆಟ್ಟು ಮೋಟಾರಿಗೆ ಬೀಳುವ ಬದಲು ಈ ಹಲ್ಲುಗಳೇ ಸವೆಯಲಿ ಎಂದು ಇದನ್ನು ಮೆತ್ತನೆಯ ವಸ್ತುವಿನಿಂದ ಮಾಡಿರುತ್ತಾರೆ. ಬದಲಿಸುವಾಗ, ಪ್ಲಗ್ ತೆಗೆದ ಮೇಲೆ, ತಳದ ಕಡೆಯಿಂದ ಮೋಟಾರಿನ ಶಾಫ್ಟನ್ನು ಅಲುಗಾಡದಂತೆ ಹಿಡಿದು ಕಪ್ಲರನ್ನು ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಬೇರೆ ಸ್ಕ್ರೂಗಳಿಗೆ ಇದು ತದ್ವಿರುದ್ಧ; ಮೋಟಾರು ತಿರುಗಿದಷ್ಟೂ ಕಪ್ಲರ್ ಬಿಗಿಯಾಗಲೆಂಬ ಉಪಾಯ. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್, ಜಾರಿನ ವಾಷರ್, ಬ್ಲೇಡಿನ ಕಡ್ಡಿ ತಿರುಗುವ ಬುಷ್ ಎಲ್ಲವೂ ಹೀಗೆಯೇ ಬಿಡಿಯಾಗಿ ಸಿಗುತ್ತವೆ. ಅಗ್ಗದ ಭಾಗ ಸವೆದು ದುಬಾರಿ ಭಾಗ ಉಳಿಯುವ ಈ ವಿನ್ಯಾಸದಿಂದ ಹೊರಗಿನ ಕವಚ ಹಲವು ವರ್ಷ ಬಾಳುತ್ತದೆ. "ಇಷ್ಟು ಪಾಲು ಮರುಬಳಕೆಯ ಪ್ಲಾಸ್ಟಿಕ್" ಎಂದು ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರ ಹಾಕುವುದಕ್ಕಿಂತ ಇದು ಹೆಚ್ಚಿನ ಕೆಲಸವೆಂದು ನಾನು ಭಾವಿಸುತ್ತೇನೆ.

ಎಷ್ಟು ಬಾಳಿದರೂ ಒಂದು ದಿನ ಇದು ಗುಜರಿಗೆ ಹೋಗಲೇಬೇಕು, ಅಲ್ಲಿಯೂ ವಿನ್ಯಾಸದ್ದೇ ಮಾತು. ಮುಚ್ಚಳದ ಒಳಮೈಯಲ್ಲಿ ಅಚ್ಚಾಗಿರುವ ಈ ಚಿಕ್ಕ ಅಕ್ಷರಗಳು "ಎಬಿಎಸ್" ಎನ್ನುತ್ತವೆ; ಅದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನ ಹೆಸರು. ಈ ಗುರುತಿಲ್ಲದಿದ್ದರೆ ಬೇರ್ಪಡಿಸುವವರು ತುಂಡನ್ನು ಬಡಿದು ಸದ್ದು ಕೇಳಿಯೋ, ಸುಟ್ಟು ವಾಸನೆ ನೋಡಿಯೋ ಪ್ಲಾಸ್ಟಿಕ್ಕಿನ ಬಗೆ ಗುರುತಿಸಬೇಕಾಗುತ್ತದೆ, ಆ ಹೊಗೆ ಅವರ ಎದೆಗೇ ಹೋಗುತ್ತದೆ. ದೊಡ್ಡ ಘಟಕಗಳಲ್ಲಿ ಈ ಕೆಲಸವನ್ನು ಅತಿಗೆಂಪು ಕಿರಣದ ಯಂತ್ರಗಳು ಮಾಡುತ್ತವೆಯಾದರೂ, ಕಪ್ಪು ಬಣ್ಣಕ್ಕಾಗಿ ಬೆರೆಸುವ ಕಾರ್ಬನ್ ಬ್ಲ್ಯಾಕ್ ಆ ಕಿರಣವನ್ನು ಹೀರಿಬಿಡುವುದರಿಂದ, ಅಂಥ ಕಪ್ಪು ಪ್ಲಾಸ್ಟಿಕ್ ಯಾವುದೆಂದು ಸಾಮಾನ್ಯ ಯಂತ್ರಗಳಿಗೆ ತಿಳಿಯುವುದಿಲ್ಲ. ಹಿಡಿಕೆಯ ಮೇಲೆ ಎರಕ ಹೊಯ್ದ ಮೆತ್ತನೆಯ ರಬ್ಬರ್, ಕ್ರೋಮ್ ಲೇಪ, ಅಂಟಿಸಿದ ಸ್ಟಿಕರ್, ಇವೆಲ್ಲ ಅಂಗಡಿಯಲ್ಲಿ ಕಣ್ಣಿಗೆ ಚೆಂದ, ಆದರೆ ಒಳ್ಳೆಯ ಎಬಿಎಸ್ ಅನ್ನು ಕಲಬೆರಕೆಯಾಗಿಸುತ್ತವೆ.

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಉಂಟಾದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ, ಅಂದರೆ ಎಸೆದ ವಿದ್ಯುತ್ ಉಪಕರಣಗಳ ಕಸದಲ್ಲಿ, ಸುಮಾರು 1.7 ಕೋಟಿ ಟನ್ ಪ್ಲಾಸ್ಟಿಕ್ಕೇ ಇತ್ತು. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಆದರೆ ಆ ಹೊಣೆ ತೀರಿಸಿದ್ದಕ್ಕೆ ಸಾಕ್ಷಿಯಾಗಿ ತಯಾರಕರು ತೋರಿಸಬೇಕಾದ ಪ್ರಮಾಣಪತ್ರಗಳ ಲೆಕ್ಕ ಆರಂಭವಾದದ್ದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಂಬ ನಾಲ್ಕು ಲೋಹಗಳಿಂದ. ಬೆಲೆ ಲೋಹಕ್ಕೆ ಮಾತ್ರ ಇದ್ದಾಗ ಕವಚವನ್ನು ಜೋಪಾನವಾಗಿ ಬಿಚ್ಚುವ ಗೋಜಿಗೆ ಯಾರು ಹೋಗುತ್ತಾರೆ?

ಫ್ರಾನ್ಸ್ 2021ರ ಜನವರಿಯಿಂದ ಬೇರೊಂದು ದಾರಿ ಹಿಡಿಯಿತು. ಮೊಬೈಲ್, ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಮುಂತಾದವುಗಳನ್ನು ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಅಳೆದು ಹತ್ತಕ್ಕೆ ಇಷ್ಟು ಎಂಬ ದುರಸ್ತಿ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸುವುದನ್ನು ಅಲ್ಲಿ ಕಡ್ಡಾಯ ಮಾಡಿದರು. ಅಂಥದೊಂದು ಅಂಕವನ್ನು ನಮ್ಮ ಅಡುಗೆಮನೆಯ ಉಪಕರಣಗಳಿಗೂ ಕೊಟ್ಟರೆ, ಹಳೆಯ ಮಾದರಿಯ ಈ ಮಿಕ್ಸಿ ನುಣುಪು ಮೈಯ ಹೊಸ ಹ್ಯಾಂಡ್ ಬ್ಲೆಂಡರುಗಳಲ್ಲಿ ಹೆಚ್ಚಿನವನ್ನು ಹಿಂದೆ ಹಾಕುತ್ತದೆ ಎಂಬುದು ನನ್ನ ಅಂದಾಜು.